ಕೆಲಸದ ಅರ್ಜಿ, ಎಐ ಮತ್ತು ಸೋಷಿಯಲ್ ಮೀಡಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ 14 ವರ್ಷದಿಂದ ರಿಕ್ರೂಟರ್ ಕೆಲಸ ಮಾಡುತ್ತಿದ್ದೇನೆ. ಬಿಡುವಾದಾಗ ಹಾಸನ, ತುಮಕೂರು, ಗದಗದ ಕಡೆಯ ಕಾಲೇಜುಗಳಿಗೆ ಹೋಗಿ ಕೊನೆಯ ವರ್ಷದ ಮಕ್ಕಳ ಜೊತೆ ಮಾತಾಡುತ್ತೇನೆ. ಈಚೆಗೆ ಎಲ್ಲಿ ಹೋದರೂ ಮಾತು ಎಐ ಕಡೆಗೇ ಹೊರಳುತ್ತದೆ. ಮಕ್ಕಳು ಕೇಳುತ್ತಾರೆ, ಅವರ ಅಪ್ಪ ಅಮ್ಮ ಫೋನ್ ಮಾಡಿ ಕೇಳುತ್ತಾರೆ, ಬೇರೆ ಕಂಪನಿಗಳ ಎಚ್‌ಆರ್ ಗೆಳೆಯರೂ ಕೇಳುತ್ತಾರೆ. ಅವರು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡಿದ್ದೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲಿಗೆ

ಮೇಡಂ, ನನ್ನ ರೆಸ್ಯೂಮ್ ಮನುಷ್ಯರು ನೋಡ್ತಾರಾ, ಇಲ್ಲ ಕಂಪ್ಯೂಟರೇ ರಿಜೆಕ್ಟ್ ಮಾಡುತ್ತಾ?

ಎರಡೂ ಇದೆ. ನೀವು ಕಳಿಸಿದ ರೆಸ್ಯೂಮ್ ಮೊದಲು ಹೋಗಿ ಸೇರುವುದು ಎಟಿಎಸ್ ಅನ್ನುವ ಸಾಫ್ಟ್‌ವೇರ್‌ಗೆ. ಬಂದ ಅರ್ಜಿಗಳನ್ನೆಲ್ಲ ಒಂದು ಕಡೆ ಇಟ್ಟು, ಬೇಕಾದಾಗ ಹುಡುಕಲು ಬರುವಂತೆ ಮಾಡುವುದು ಅದರ ಕೆಲಸ. ಒಂದು ಫ್ರೆಷರ್ ಹುದ್ದೆಗೆ ಸಾವಿರಗಟ್ಟಲೆ ಅರ್ಜಿ ಬಂದಾಗ ಬಹಳ ಕಡೆ ಫಿಲ್ಟರ್ ಹಾಕುತ್ತಾರೆ. ಎಸ್ಎಸ್ಎಲ್‌ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ 60 ಪರ್ಸೆಂಟ್ ಇರಬೇಕು, ಬ್ಯಾಕ್‌ಲಾಗ್ ಇರಬಾರದು, ಇಂಥ ವರ್ಷವೇ ಪಾಸಾಗಿರಬೇಕು. ಇದರಲ್ಲಿ ಎಐ ಏನೂ ಇಲ್ಲ. ಆದರೆ ಪಿಯುಸಿಯಲ್ಲಿ 58 ಬಂದ ಹುಡುಗನ ರೆಸ್ಯೂಮ್ ಅಂಥ ಕಡೆ ರಿಕ್ರೂಟರ್ ಪರದೆಗೆ ಬರುವುದೇ ಇಲ್ಲ, ಅವನು ಎಷ್ಟೇ ಚೆನ್ನಾಗಿ ಕೋಡ್ ಬರೆಯಲಿ. ಆ 60 ಅನ್ನುವ ಗೆರೆ ಎಳೆದವರು ನನ್ನಂಥ ಮನುಷ್ಯರೇ. ಕಂಪ್ಯೂಟರ್ ನನ್ನನ್ನು ತೆಗೆದುಹಾಕಿತು ಅಂತ ಬೇಜಾರು ಮಾಡಿಕೊಳ್ಳುವ ಮುಂಚೆ ಇದು ಗೊತ್ತಿರಲಿ.

ಹಾಗಾದ್ರೆ ಎಟಿಎಸ್, ಎಐ ಎರಡೂ ಒಂದೇನಾ?

ಒಂದೇ ಅಲ್ಲ. ಎಟಿಎಸ್ ಬೀರು ಇದ್ದಹಾಗೆ, ಹೇಳಿದ ಖಾನೆಯಿಂದ ಹೇಳಿದ ಕಾಗದ ತೆಗೆದುಕೊಡುತ್ತದೆ. ಎಐ ಸೇರಿದಾಗ ಅದು ತಾನೇ ಓದಿ, ಈ ಹುದ್ದೆಗೆ ಇವರು ಎಷ್ಟು ಹೊಂದುತ್ತಾರೆ ಅಂತ ಅಂಕ ಹಾಕುತ್ತದೆ. ಈಗ ಬಹಳ ಎಟಿಎಸ್‌ಗಳೊಳಗೆ ಇಂಥ ಅಂಕ ಹಾಕುವ ಭಾಗ ಸೇರಿಕೊಂಡಿದೆ. ಫಿಲ್ಟರ್ ಆದರೆ ಯಾವ ನಿಯಮಕ್ಕೆ ಯಾರು ಬಿದ್ದುಹೋದರು ಅಂತ ನಾನು ತೋರಿಸಬಲ್ಲೆ. ಎಐ ನಿಮಗೆ 100ಕ್ಕೆ 43 ಕೊಟ್ಟರೆ ಆ 43 ಎಲ್ಲಿಂದ ಬಂತು ಅಂತ ಹೇಳುವುದು ನನಗೂ ಕಷ್ಟ. ನನಗೆ ಭಯ ಇರುವುದು ಇಲ್ಲೇ.

ಯಂತ್ರಕ್ಕೆ ಗಂಡು ಹೆಣ್ಣು, ಜಾತಿ ಧರ್ಮ ಏನು ಗೊತ್ತು? ಅದು ಹೇಗೆ ಭೇದ ಮಾಡುತ್ತೆ?

ಅದಕ್ಕೆ ಇದೆಲ್ಲ ಗೊತ್ತಿಲ್ಲ. ನಾವು ಹಿಂದೆ ಏನು ಮಾಡಿದ್ದೇವೆ ಅನ್ನುವುದು ಗೊತ್ತಿದೆ. ಅಮೆಜಾನ್ ಕಂಪನಿಯ ಕಥೆ ಕೇಳಿ. 2014ರಿಂದ ಅವರು ರೆಸ್ಯೂಮ್‌ಗಳಿಗೆ 1ರಿಂದ 5 ಸ್ಟಾರ್ ಕೊಡುವ ಒಂದು ಪ್ರಯೋಗ ಮಾಡುತ್ತಿದ್ದರು. ಹಿಂದಿನ 10 ವರ್ಷಗಳಲ್ಲಿ ಕಂಪನಿಗೆ ಬಂದ ರೆಸ್ಯೂಮ್‌ಗಳನ್ನೇ ಅದಕ್ಕೆ ಪಾಠವಾಗಿ ಕೊಟ್ಟರು. ಆ ಕ್ಷೇತ್ರದಲ್ಲಿ ಗಂಡಸರೇ ಜಾಸ್ತಿ, ಹಾಗಾಗಿ ರೆಸ್ಯೂಮ್‌ಗಳೂ ಗಂಡಸರವೇ ಜಾಸ್ತಿ. ಯಂತ್ರ ಕಲಿತದ್ದು ಏನು ಅಂದರೆ, ಮಹಿಳಾ ಚೆಸ್ ಕ್ಲಬ್ ನಾಯಕಿ ಅನ್ನುವಂಥ ಸಾಲಿನಲ್ಲಿ 'ಮಹಿಳಾ' ಅನ್ನುವ ಪದ ಕಂಡರೆ ಅಂಕ ಕಡಿಮೆ ಮಾಡು. ಹೆಣ್ಣುಮಕ್ಕಳಿಗೇ ಇರುವ ಎರಡು ಕಾಲೇಜುಗಳಲ್ಲಿ ಓದಿದವರಿಗೂ ಅಂಕ ಕಡಿಮೆಯಾಯಿತು. ಸರಿಮಾಡಲು ನೋಡಿದರು, ಆದರೆ ಯಂತ್ರ ಬೇರೆ ದಾರಿ ಹುಡುಕಿಕೊಳ್ಳುವುದಿಲ್ಲ ಅಂತ ನಂಬುವುದಕ್ಕಾಗಲಿಲ್ಲ. ಕೊನೆಗೆ ಆ ಯೋಜನೆ ಕೈಬಿಟ್ಟರು. 2018ರ ಅಕ್ಟೋಬರ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಇದನ್ನು ವರದಿ ಮಾಡಿತು.

ಇದನ್ನು ನಮ್ಮ ಊರಿಗೆ ತಂದು ನೋಡಿ. ರೆಸ್ಯೂಮ್‌ನಲ್ಲಿ ಮಹಾರಾಣಿ ಕಾಲೇಜು ಅಂತಿದ್ದರೆ ಓದಿದವಳು ಹುಡುಗಿ ಅಂತ ಆಯಿತು. ಮೊರಾರ್ಜಿ ದೇಸಾಯಿ ವಸತಿ ಶಾಲೆ ಅಂತಿದ್ದರೆ ಹೆಚ್ಚಾಗಿ ಪರಿಶಿಷ್ಟ, ಹಿಂದುಳಿದ ಅಥವಾ ಅಲ್ಪಸಂಖ್ಯಾತ ಸಮುದಾಯದ, ಬಡ ಮನೆಯ ಮಗು ಅಂತ ಆಯಿತು. ಇದುವರೆಗೆ ಒಂದು ಕಂಪನಿ ಅಂಥ ಮಕ್ಕಳನ್ನು ತೆಗೆದುಕೊಂಡೇ ಇಲ್ಲ ಅಂದರೆ, ಆ ಕಂಪನಿಯ ಹಳೇ ದಾಖಲೆಯಿಂದ ಕಲಿತ ಯಂತ್ರ ಇನ್ನು ಮುಂದೆಯೂ ತೆಗೆದುಕೊಳ್ಳಬೇಡಿ ಅಂತಲೇ ಹೇಳುತ್ತದೆ. ಅಲ್ಲಿ ಜಾತಿ ಅನ್ನುವ ಕಾಲಂ ಇರಬೇಕಾಗೇ ಇಲ್ಲ.

ಹೆಸರು, ಫೋಟೋ ತೆಗೆದುಬಿಟ್ರೆ ಸಾಕಲ್ವಾ?

ತೆಗೆಯುವುದು ಒಳ್ಳೆಯದೇ, ನಾನೂ ತೆಗೆಯುತ್ತೇನೆ. ಆದರೆ ಸಾಲುವುದಿಲ್ಲ. ಹಳೇ ಮೈಸೂರಿನ ಕಡೆ ಇನಿಶಿಯಲ್ ಹಾಕಿಕೊಳ್ಳುವುದರಿಂದ ಹೆಸರಿನಲ್ಲಿ ಮನೆತನ ಅಷ್ಟಾಗಿ ಕಾಣುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಬಡಿಗೇರ, ಹೂಗಾರ, ಕಂಬಾರ, ಕುಲಕರ್ಣಿ ಅಂದರೆ ಸಾಕು, ಮನೆತನದ ಕಸುಬೇ ಹೆಸರಿನಲ್ಲಿ ಕೂತಿರುತ್ತದೆ. ಹೆಸರು ಅಳಿಸಿದೆವು ಅಂತಿಟ್ಟುಕೊಳ್ಳಿ. ಊರು ಉಳಿಯಿತು, ಶಾಲೆ ಉಳಿಯಿತು, ಪಿನ್ ಕೋಡ್ ಉಳಿಯಿತು, ಹಾಸ್ಟೆಲ್ ಉಳಿಯಿತು. ಒಂದೊಂದೂ ಒಂದು ಸುಳಿವು.

ಅಮೆರಿಕದಲ್ಲಿ ಒಬ್ಬ ವಕೀಲರು ತಮ್ಮ ಕಕ್ಷಿದಾರ ಕಂಪನಿ ಕೊಳ್ಳಬೇಕೆಂದಿದ್ದ ರೆಸ್ಯೂಮ್ ಟೂಲ್ ಒಂದನ್ನು ಪರೀಕ್ಷೆ ಮಾಡಿಸಿದಾಗ, ಒಳ್ಳೆಯ ಕೆಲಸಗಾರನ ಗುರುತು ಅಂತ ಅದು ಹಿಡಿದಿದ್ದ ಮುಖ್ಯ ಅಂಶಗಳು ಎರಡು. ಹೆಸರು ಜ್ಯಾರೆಡ್ ಅಂತ ಇರುವುದು, ಹೈಸ್ಕೂಲಿನಲ್ಲಿ ಲ್ಯಾಕ್ರಾಸ್ ಅನ್ನುವ ಆಟ ಆಡಿರುವುದು. ಎರಡೂ ಅಲ್ಲಿನ ಬಿಳಿಯ, ಅನುಕೂಲಸ್ಥ ಮನೆ ಹುಡುಗರ ಗುರುತುಗಳು.

ಮನುಷ್ಯರೇನು ಕಮ್ಮಿ ಭೇದ ಮಾಡ್ತಾರಾ? ಯಂತ್ರದ ಮೇಲೆ ಯಾಕೆ ಕೋಪ?

ಕಮ್ಮಿ ಏನಲ್ಲ. ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಅವರ ಅಧ್ಯಯನ 2007ರಲ್ಲಿ ಬಂತು. ಪತ್ರಿಕೆಗಳಲ್ಲಿ ಬಂದ 548 ಖಾಸಗಿ ಕೆಲಸದ ಜಾಹೀರಾತುಗಳಿಗೆ 4,808 ಅರ್ಜಿ ಹಾಕಿದ್ದರು. ಓದು, ಅನುಭವ ಒಂದೇ ತರಹ, ಹೆಸರು ಮಾತ್ರ ಬೇರೆ. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಮೂರರಲ್ಲಿ ಎರಡು ಪಾಲಿನಷ್ಟಿತ್ತು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲಿನಷ್ಟು. ಆಗ ಎಐ ಎಲ್ಲಿತ್ತು? ಇದನ್ನೂ ಹೇಳಬೇಕು: 2009ರಲ್ಲಿ ಪ್ರಕಟವಾದ ದೆಹಲಿಯ ಇನ್ನೊಂದು ಅಧ್ಯಯನದಲ್ಲಿ ಸಾಫ್ಟ್‌ವೇರ್ ಕೆಲಸಗಳಿಗೆ ಜಾತಿಯ ಹೆಸರಿನಿಂದ ವ್ಯತ್ಯಾಸ ಕಾಣಲಿಲ್ಲ. ಎಲ್ಲ ಕಡೆಯೂ ಒಂದೇ ತರಹ ಇರುವುದಿಲ್ಲ.

ಆದರೂ ಯಂತ್ರದ ಬಗ್ಗೆ ನಾನು ಜಾಸ್ತಿ ಎಚ್ಚರ ಹೇಳುವುದಕ್ಕೆ ಕಾರಣ ಇದೆ. ಕೆಟ್ಟ ಮನಸ್ಸಿನ ಒಬ್ಬ ಮ್ಯಾನೇಜರ್ ತನ್ನ ಟೀಮ್‌ನ ಬಾಗಿಲು ಮುಚ್ಚಬಹುದು, ಪಕ್ಕದ ಕಂಪನಿಯ ಬಾಗಿಲು ತೆರೆದೇ ಇರುತ್ತದೆ. ಒಂದೇ ಟೂಲ್ ಅನ್ನು ನೂರು ಕಂಪನಿ ಕೊಂಡರೆ ನೂರು ಬಾಗಿಲೂ ಒಟ್ಟಿಗೆ ಮುಚ್ಚುತ್ತವೆ. ಮುಚ್ಚಿದ್ದು ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

## ಅರ್ಜಿ ಹಾಕುವವರಿಗೆ

ನನಗೆ ಸರ್‌ನೇಮ್ ಇಲ್ಲ, ಇನಿಶಿಯಲ್ ಮಾತ್ರ. ಫಾರ್ಮ್‌ನಲ್ಲಿ ಲಾಸ್ಟ್ ನೇಮ್ ಕಡ್ಡಾಯ ಅಂತಿದೆ, ಏನು ಹಾಕ್ಲಿ?

ಪ್ರತಿ ಕಾಲೇಜಿನಲ್ಲೂ ಈ ಪ್ರಶ್ನೆ ಬರುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರನ್ನು ಫಾರ್ಮ್ ಒಪ್ಪುತ್ತಿಲ್ಲ ಅಂದರೆ ನೋವಾಗುತ್ತದೆ, ನನಗೂ ಆಗಿದೆ. ಇನಿಶಿಯಲ್ ಅನ್ನು ಬಿಡಿಸಿ ಬರೆಯಿರಿ. ಎಚ್. ಆರ್. ಸುನಿತಾ ಅಂತಿದ್ದು, ಎಚ್ ಅಂದರೆ ಊರು, ಆರ್ ಅಂದರೆ ತಂದೆಯ ಹೆಸರು ರಾಮಯ್ಯ ಆಗಿದ್ದರೆ, ಮೊದಲ ಹೆಸರು ಸುನಿತಾ, ಕೊನೆಯ ಹೆಸರು ರಾಮಯ್ಯ ಅಂತ ಹಾಕಬಹುದು. ಒಮ್ಮೆ ಏನು ಹಾಕಿದಿರೋ ಎಲ್ಲ ಕಂಪನಿಗೂ ಅದನ್ನೇ ಹಾಕಿ. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್, ಪ್ಯಾನ್, ಆಧಾರ್‌ನಲ್ಲಿ ಹೆಸರು ಬೇರೆ ಬೇರೆ ರೀತಿ ಇದ್ದರೆ ಈಗಲೇ ಸರಿಮಾಡಿಸಿಕೊಳ್ಳಿ. ಆಫರ್ ಲೆಟರ್ ಬಂದಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಹೆಸರು ತಾಳೆ ಆಗದೆ ವಾರಗಟ್ಟಲೆ ಸಿಕ್ಕಿಕೊಂಡ ಮಕ್ಕಳನ್ನು ನೋಡಿದ್ದೇನೆ.

ಚಾಟ್‌ಜಿಪಿಟಿಯಲ್ಲಿ ರೆಸ್ಯೂಮ್ ಬರೆಸಿದ್ರೆ ತಪ್ಪಾ?

ತಪ್ಪಿಲ್ಲ. ಇಂಗ್ಲಿಷ್ ತಿದ್ದಿಸಿಕೊಳ್ಳಲು ಧಾರಾಳವಾಗಿ ಬಳಸಿ. ದುಡ್ಡಿದ್ದವರು ಮೊದಲೂ ಹಣ ಕೊಟ್ಟು ರೆಸ್ಯೂಮ್ ಬರೆಸುತ್ತಿದ್ದರು, ಈಗ ಆ ಅನುಕೂಲ ಎಲ್ಲರಿಗೂ ಸಿಕ್ಕಿದೆ, ನನಗೆ ಅದು ಸಂತೋಷವೇ. ಆದರೆ ನೀವು ಮಾಡದ ಪ್ರಾಜೆಕ್ಟನ್ನು ಅದು ಸೇರಿಸಿಬಿಡುತ್ತದೆ. ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ, ಇದರ ಬಗ್ಗೆ ಹತ್ತು ನಿಮಿಷ ಮಾತಾಡಬಲ್ಲೆನಾ ಅಂತ ಕೇಳಿಕೊಳ್ಳಿ. ಆಗದಿದ್ದರೆ ಆ ಸಾಲು ಬೇಡ. ಅಲ್ಲದೆ ಒಂದೇ ಕ್ಲಾಸಿನ 40 ಮಕ್ಕಳ ರೆಸ್ಯೂಮ್ ಒಂದೇ ಧಾಟಿಯಲ್ಲಿ ಇದ್ದರೆ ಓದುವವರಿಗೆ ಯಾರೂ ನೆನಪಲ್ಲಿ ಉಳಿಯುವುದಿಲ್ಲ. ನಿಮ್ಮ ಊರಿನ ಹಾಲಿನ ಡೇರಿಗೆ ಲೆಕ್ಕದ ಆ್ಯಪ್ ಮಾಡಿಕೊಟ್ಟಿದ್ದರೆ ಅದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ.

ಬಿಳಿ ಅಕ್ಷರದಲ್ಲಿ ಕೀವರ್ಡ್ ಬಚ್ಚಿಡು ಅಂತ ಸೀನಿಯರ್ ಹೇಳಿದ, ಮಾಡ್ಲಾ?

ಬೇಡ. ಸಾಫ್ಟ್‌ವೇರ್ ರೆಸ್ಯೂಮ್ ಓದುವಾಗ ಬಣ್ಣ ಬಿಟ್ಟು ಅಕ್ಷರ ಮಾತ್ರ ತೆಗೆದುಕೊಳ್ಳುತ್ತದೆ, ನೀವು ಬಚ್ಚಿಟ್ಟಿದ್ದು ನನ್ನ ಪರದೆಯಲ್ಲಿ ಕಪ್ಪಗೆ ಕಾಣುತ್ತದೆ. ಅಲ್ಲಿಗೆ ನಂಬಿಕೆ ಹೋಯಿತು. ಅದರ ಬದಲು ಜೆಡಿ, ಅಂದರೆ ಕಂಪನಿ ಕೊಟ್ಟ ಕೆಲಸದ ವಿವರ ಓದಿ, ನಿಮಗೆ ನಿಜವಾಗಿ ಬರುವ ಕೆಲಸಕ್ಕೆ ಅವರು ಬಳಸಿದ ಪದವನ್ನೇ ಬಳಸಿ. ಒಂದೇ ಕಾಲಂ, ಸಾದಾ ಅಕ್ಷರ, ಪಿಡಿಎಫ್. ಸಾಕು.

ನಾನು ಕನ್ನಡ ಮೀಡಿಯಂ. ವಿಡಿಯೋ ಇಂಟರ್‌ವ್ಯೂನಲ್ಲಿ ಎಐ ನನ್ನ ಉಚ್ಚಾರಣೆ ಕೇಳಿ ಮಾರ್ಕ್ಸ್ ಕಟ್ ಮಾಡುತ್ತಾ?

ಈ ಭಯಕ್ಕೆ ಆಧಾರ ಇದೆ, ಸುಮ್ನೆ ಧೈರ್ಯ ತುಂಬಿ ಕಳಿಸುವುದಿಲ್ಲ. ಇಂಥ ಟೂಲ್‌ಗಳು ಮೊದಲು ನಿಮ್ಮ ಮಾತನ್ನು ಅಕ್ಷರಕ್ಕೆ ಇಳಿಸುತ್ತವೆ, ಆಮೇಲೆ ಆ ಅಕ್ಷರಕ್ಕೆ ಅಂಕ ಹಾಕುತ್ತವೆ. ಇಳಿಸುವಾಗಲೇ ತಪ್ಪಾದರೆ ನೀವು ಹೇಳದೇ ಇದ್ದದ್ದಕ್ಕೆ ಅಂಕ ಬೀಳುತ್ತದೆ. 2020ರಲ್ಲಿ ಅಮೆರಿಕದಲ್ಲಿ ಐದು ದೊಡ್ಡ ಕಂಪನಿಗಳ ಮಾತು ಗುರುತಿಸುವ ಸಾಫ್ಟ್‌ವೇರ್ ಪರೀಕ್ಷೆ ಮಾಡಿದಾಗ, ಬಿಳಿಯರ ಮಾತಿನಲ್ಲಿ 100 ಪದಕ್ಕೆ ಸುಮಾರು 19 ತಪ್ಪಾದರೆ ಕಪ್ಪು ಜನರ ಮಾತಿನಲ್ಲಿ 35 ತಪ್ಪಾದವು. ಇಂಗ್ಲಿಷ್ ಹುಟ್ಟುಭಾಷೆಯೇ ಆದವರ ಗತಿ ಇದು. ನಮ್ಮ ರಾಯಚೂರಿನ ಹುಡುಗಿಯ ಇಂಗ್ಲಿಷ್ ಅದಕ್ಕೆ ಎಷ್ಟು ಅರ್ಥವಾಗುತ್ತದೆ ಅಂತ ಕೊಳ್ಳುವ ಕಂಪನಿಗಳು ಕೇಳಲೇಬೇಕು.

ಇನ್ನೊಂದು ಕಡೆಯೂ ಇದೆ. 2021ರಲ್ಲಿ ಪತ್ರಕರ್ತೆ ಹಿಲ್ಕೆ ಶೆಲ್‌ಮನ್ ಇಂಥ ಒಂದು ಟೂಲ್‌ನ ಮುಂದೆ ಇಂಗ್ಲಿಷ್ ಪ್ರಶ್ನೆಗಳಿಗೆ ಜರ್ಮನ್ ಭಾಷೆಯಲ್ಲಿ ಏನನ್ನೋ ಓದಿದರು. ಇಂಗ್ಲಿಷ್ ಸಾಮರ್ಥ್ಯಕ್ಕೆ ಅವರಿಗೆ 9ಕ್ಕೆ 6 ಬಂತು. ಅದೇ ವರ್ಷ ಜರ್ಮನಿಯ ಬವೇರಿಯಾ ರೇಡಿಯೋದ ಪತ್ರಕರ್ತರು ಇನ್ನೊಂದು ವಿಡಿಯೋ ಟೂಲ್ ಪರೀಕ್ಷಿಸಿದರು. ಕನ್ನಡಕ ಹಾಕಿದರೆ, ತಲೆಗೆ ಸ್ಕಾರ್ಫ್ ಕಟ್ಟಿದರೆ, ಹಿಂದೆ ಪುಸ್ತಕದ ಕಪಾಟು ಬಂದರೆ ಅದು ಹೇಳುವ ವ್ಯಕ್ತಿತ್ವದ ಅಂಕಗಳೇ ಬದಲಾದವು. ಇಂಥ ಟೂಲ್ ಮಾರುವ ಒಂದು ಮುಖ್ಯ ಕಂಪನಿ ಹೈರ್‌ವ್ಯೂ, ಮುಖ ನೋಡಿ ಅಂಕ ಹಾಕುವುದನ್ನು ನಿಲ್ಲಿಸಿದ್ದಾಗಿ 2021ರ ಜನವರಿಯಲ್ಲಿ ಹೇಳಿತು.

ಹಾಗಾಗಿ ಕಡಿಮೆ ಅಂಕ ಬಂದರೆ ನಿಮ್ಮ ಯೋಗ್ಯತೆಯೇ ಅಷ್ಟು ಅಂತ ದಯವಿಟ್ಟು ತಿಳಿಯಬೇಡಿ. ಕೈಲಾಗುವುದನ್ನು ಮಾಡಿ. ಇಯರ್‌ಫೋನ್ ಮೈಕ್ ಬಳಸಿ, ಫ್ಯಾನ್ ಆರಿಸಿ, ಮುಖಕ್ಕೆ ಕಿಟಕಿಯ ಬೆಳಕು ಬೀಳಲಿ, ನಿಧಾನವಾಗಿ ಚಿಕ್ಕ ವಾಕ್ಯದಲ್ಲಿ ಮಾತಾಡಿ. ಹಾಸ್ಟೆಲ್‌ನಲ್ಲಿ ಗಲಾಟೆ ಇದ್ದರೆ ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸರನ್ನು ಒಂದು ಖಾಲಿ ಕೋಣೆ ಕೇಳಿ. ನೆಟ್ ಕೈಕೊಟ್ಟರೆ ಆವತ್ತೇ ಮೇಲ್ ಹಾಕಿ ಇನ್ನೊಂದು ಅವಕಾಶ ಕೇಳಿ. ಕೇಳಿದವರಿಗೆ ಕೊಟ್ಟಿದ್ದೇವೆ.

ಅಕ್ಕ, ಮಗು ಆದಮೇಲೆ ಎರಡು ವರ್ಷ ಮನೇಲಿದ್ದೆ. ಆ ಗ್ಯಾಪ್ ಬಚ್ಚಿಡಬೇಕಾ?

ಬಚ್ಚಿಡಬೇಡ ತಾಯಿ. ಒಂದೇ ಸಾಲು: ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಮಗುವಿನ ಆರೈಕೆಗೆ ಬಿಡುವು. ಆ ಸಮಯದಲ್ಲಿ ಏನಾದರೂ ಕೋರ್ಸ್ ಮಾಡಿದ್ದರೆ ಕೆಳಗೆ ಬರಿ. ಖಾಲಿ ಬಿಟ್ಟರೆ ಸಾಫ್ಟ್‌ವೇರ್‌ಗೆ ಅದು ಬರೀ ತೂತಿನ ಹಾಗೆ ಕಾಣುತ್ತದೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಕ್ಲೈಂಟ್ ಕಂಪನಿ ಹೇಳಿತು ಅಂತ ಒಂದು ವರ್ಷಕ್ಕಿಂತ ಜಾಸ್ತಿ ಗ್ಯಾಪ್ ಇದ್ದವರು ಬೇಡ ಅನ್ನುವ ಫಿಲ್ಟರ್ ಹಾಕಿದೆ. ಪಟ್ಟಿ ಚಿಕ್ಕದಾಯಿತು, ಕೆಲಸ ಬೇಗ ಮುಗಿಯಿತು. ಒಂದು ತಿಂಗಳಾದ ಮೇಲೆ ಯಾಕೋ ತೆಗೆದುಹಾಕಿದ ಪಟ್ಟಿ ತೆರೆದು ನೋಡಿದರೆ ಬಹುಪಾಲು ಹೆಂಗಸರು. ನಾನೂ ಮಗು ಆದಮೇಲೆ ಒಂದೂವರೆ ವರ್ಷ ಮನೆಯಲ್ಲಿದ್ದವಳು. ನನ್ನ ರೆಸ್ಯೂಮ್ ಕೂಡ ನನ್ನ ಫಿಲ್ಟರ್ ದಾಟುತ್ತಿರಲಿಲ್ಲ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಆ ಫಿಲ್ಟರ್ ಇನ್ನೆಂದೂ ಹಾಕಿಲ್ಲ.

## ಸೋಷಿಯಲ್ ಮೀಡಿಯಾ

ನೀವು ನನ್ನ ಇನ್‌ಸ್ಟಾಗ್ರಾಂ ನೋಡ್ತೀರಾ? ನಿಜ ಹೇಳಿ.

ನಾನು ನೋಡುವುದಿಲ್ಲ, ನೋಡುವವರು ಇದ್ದಾರೆ. ಲಿಂಕ್ಡ್‌ಇನ್ ಎಲ್ಲರೂ ನೋಡುತ್ತಾರೆ, ಅದು ಇರುವುದೇ ಅದಕ್ಕೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಬೇರೆ. ಅಲ್ಲಿ ಹೋದರೆ ನನಗೆ ಬೇಡದ್ದೆಲ್ಲ ಗೊತ್ತಾಗುತ್ತದೆ. ಯಾವ ಹಬ್ಬ ಮಾಡುತ್ತೀರಿ, ಏನು ತಿನ್ನುತ್ತೀರಿ, ಮದುವೆ ಆಗಿದೆಯಾ, ಯಾವ ಪಕ್ಷ. ಇಂಟರ್‌ವ್ಯೂನಲ್ಲಿ ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುತ್ತದೆ. ಒಮ್ಮೆ ನೋಡಿದ್ದನ್ನು ನೋಡಿಲ್ಲ ಅಂತ ಮರೆಯುವುದು ಆಗದ ಮಾತು.

ಸಂಶೋಧಕರಾದ ಅಲೆಸ್ಸಾಂಡ್ರೊ ಅಕ್ವಿಸ್ಟಿ ಮತ್ತು ಕ್ರಿಸ್ಟಿನಾ ಫಾಂಗ್ ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿದರು. 4,000ಕ್ಕೂ ಹೆಚ್ಚು ಕಂಪನಿಗಳಿಗೆ ಅರ್ಜಿ ಕಳಿಸಿದರು. ಧರ್ಮದ ವಿಷಯ ರೆಸ್ಯೂಮ್‌ನಲ್ಲಿ ಇರಲಿಲ್ಲ, ಸೋಷಿಯಲ್ ಮೀಡಿಯಾ ಪುಟದಲ್ಲಿ ಮಾತ್ರ ಇತ್ತು. ರಿಪಬ್ಲಿಕನ್ ಪಕ್ಷದ ಒಲವು ಜಾಸ್ತಿ ಇರುವ ಕಡೆಗಳಲ್ಲಿ ಮುಸ್ಲಿಂ ಅಭ್ಯರ್ಥಿಗೆ ಕ್ರಿಶ್ಚಿಯನ್ ಅಭ್ಯರ್ಥಿಗಿಂತ ಕಡಿಮೆ ಕರೆ ಬಂದವು. ಅಂದರೆ ಯಾರೋ ಹುಡುಕಿ ನೋಡಿದ್ದಾರೆ ಅಂತಲೇ ಅಲ್ವಾ.

ಹಾಗಾದ್ರೆ ಎಲ್ಲಾ ಡಿಲೀಟ್ ಮಾಡ್ಬೇಕಾ?

ಬೇಡ, ಅದು ನಿಮ್ಮ ಬದುಕು. ಸ್ವಂತದ ಅಕೌಂಟ್ ಪ್ರೈವೇಟ್ ಮಾಡಿ, ಅದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ಕೆಲಸದ ವಿಷಯ ಮಾತ್ರ ಇಡಿ. ಯಾರನ್ನಾದರೂ ಬೈದು, ಜಾತಿ ಹಿಡಿದು ಹೀಯಾಳಿಸಿ ಬರೆದ ಹಳೇ ಕಮೆಂಟ್ ಇದ್ದರೆ ತೆಗೆಯಿರಿ, ಕೆಲಸಕ್ಕಾಗಿ ಅಂತಲೇ ಅಲ್ಲ. ನಿಮ್ಮ ಪಾಸ್‌ವರ್ಡ್ ಕೇಳುವ ಅಥವಾ ಎದುರಿಗೇ ಫೋನ್ ತೆರೆದು ತೋರಿಸು ಅನ್ನುವ ಕಂಪನಿ ಸಿಕ್ಕರೆ ಒಪ್ಪಬೇಡಿ.

ನನ್ನ ಕ್ಲಾಸಿನ ಹುಡುಗರಿಗೆ ಕಾಣುವ ಕೆಲಸದ ಜಾಹೀರಾತು ನನಗೆ ಕಾಣೋದೇ ಇಲ್ಲ, ಯಾಕೆ?

ಈ ಪ್ರಶ್ನೆ ಕೇಳಿದ ಹುಡುಗಿಗೆ ಶಭಾಷ್ ಅಂದೆ. ಅರ್ಜಿ ಹಾಕಿದ ಮೇಲೆ ಆಗುವ ಭೇದದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅರ್ಜಿ ಹಾಕಬಹುದು ಅಂತಲೇ ತಿಳಿಯದ ಹಾಗೆ ಆಗುವ ಭೇದ ಕಣ್ಣಿಗೆ ಬೀಳುವುದಿಲ್ಲ.

ಎರಡು ರೀತಿಯಲ್ಲಿ ಇದು ಆಗುತ್ತದೆ. ಒಂದು, ಜಾಹೀರಾತು ಕೊಡುವವರೇ ಇಂಥ ವಯಸ್ಸಿನ ಗಂಡಸರಿಗೆ ಮಾತ್ರ ತೋರಿಸು ಅಂತ ಆರಿಸುವುದು. ಅಮೆರಿಕದಲ್ಲಿ ಇದರ ಮೇಲೆ ಕೇಸ್ ಆಗಿ, 2019ರ ಮಾರ್ಚ್‌ನಲ್ಲಿ ಫೇಸ್‌ಬುಕ್ ರಾಜಿಗೆ ಬಂತು. ಕೆಲಸ, ಮನೆ, ಸಾಲದ ಜಾಹೀರಾತಿಗೆ ಅಲ್ಲಿ ವಯಸ್ಸು, ಲಿಂಗ, ಪಿನ್ ಕೋಡ್ ನೋಡಿ ಆರಿಸುವುದನ್ನು ನಿಲ್ಲಿಸಲು ಒಪ್ಪಿತು. ಎರಡನೆಯದು ಇನ್ನೂ ಕಷ್ಟದ್ದು. ಜಾಹೀರಾತು ಕೊಟ್ಟವರು ಎಲ್ಲರಿಗೂ ತೋರಿಸು ಅಂದರೂ, ಯಾರು ಕ್ಲಿಕ್ ಮಾಡಬಹುದು ಅಂತ ಫೇಸ್‌ಬುಕ್‌ನ ಯಂತ್ರ ತಾನೇ ಊಹಿಸಿ ಹಂಚುತ್ತದೆ. 2019ರ ಒಂದು ಸಂಶೋಧನೆಯಲ್ಲಿ ಯಾರನ್ನೂ ಆರಿಸದೆ ಜಾಹೀರಾತು ಹಾಕಿದರು. ಮರ ಕಡಿಯುವ ಕೆಲಸದ್ದನ್ನು ನೋಡಿದವರಲ್ಲಿ ಶೇ 90 ಗಂಡಸರು, ಸೂಪರ್ ಮಾರ್ಕೆಟ್ ಕ್ಯಾಷಿಯರ್ ಕೆಲಸದ್ದನ್ನು ನೋಡಿದವರಲ್ಲಿ ಶೇ 85 ಹೆಂಗಸರು.

ಇನ್ನೊಂದು ಅಧ್ಯಯನ 191 ದೇಶಗಳಲ್ಲಿ ವಿಜ್ಞಾನ ತಂತ್ರಜ್ಞಾನದ ಕೆಲಸಗಳ ಜಾಹೀರಾತು ಹಾಕಿ ನೋಡಿತು. ಹೆಂಗಸರಿಗೆ ಕಡಿಮೆ ಕಂಡಿತು. ಕಾರಣ ದ್ವೇಷ ಏನಲ್ಲ, ದುಡ್ಡು. ಹರೆಯದ ಹೆಂಗಸರಿಗೆ ಸಾಮಾನು ಮಾರಲು ಎಲ್ಲ ಕಂಪನಿಗಳೂ ಪೈಪೋಟಿ ಮಾಡುವುದರಿಂದ ಅವರಿಗೆ ಜಾಹೀರಾತು ತೋರಿಸುವುದು ದುಬಾರಿ. ಕಡಿಮೆ ಖರ್ಚಿನಲ್ಲಿ ಮುಗಿಸು ಅಂದಾಗ ಯಂತ್ರ ಗಂಡಸರ ಕಡೆ ತಿರುಗುತ್ತದೆ.

ನೀವು ಮಾಡಬಹುದಾದ್ದು: ಫೀಡ್‌ಗೆ ಬರಲಿ ಅಂತ ಕಾಯಬೇಡಿ. ಕಂಪನಿಯ ಕೆರಿಯರ್ ಪುಟಕ್ಕೆ ನೇರವಾಗಿ ಹೋಗಿ, ಜಾಬ್ ಪೋರ್ಟಲ್‌ನಲ್ಲಿ ನೀವೇ ಹುಡುಕಿ ಅಲರ್ಟ್ ಇಟ್ಟುಕೊಳ್ಳಿ, ಕ್ಲಾಸಿನಲ್ಲಿ ಗಂಡು ಹೆಣ್ಣು ಎಲ್ಲರೂ ಇರುವ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿ ಕಂಡಿದ್ದನ್ನೆಲ್ಲ ಅದಕ್ಕೆ ಹಾಕಿ.

ಟೆಲಿಗ್ರಾಂನಲ್ಲಿ 'ಎಐ ನಿಮ್ಮನ್ನು ಸೆಲೆಕ್ಟ್ ಮಾಡಿದೆ, ರಿಜಿಸ್ಟ್ರೇಷನ್ ಫೀಸ್ ಕಟ್ಟಿ' ಅಂತ ಬಂದಿದೆ. ಕಟ್ಲಾ?

ಒಂದು ರೂಪಾಯಿಯೂ ಕಟ್ಟಬೇಡಿ. ಕೆಲಸ ಕೊಡಲು ದುಡ್ಡು ಕೇಳುವವರು ಮೋಸಗಾರರು. ಕಟ್ಟಿಬಿಟ್ಟಿದ್ದರೆ ನಾಚಿಕೆ ಬೇಡ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಹಣ ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ.

## ನೇಮಕ ಮಾಡುವವರಿಗೆ

ನಮ್ಮ ಮ್ಯಾನೇಜ್‌ಮೆಂಟ್ ಟೂಲ್ ಕೊಂಡಿದೆ. ವೆಂಡರ್ 'ನಮ್ಮಲ್ಲಿ ಬಯಾಸ್ (ಪಕ್ಷಪಾತ) ಇಲ್ಲ' ಅಂತಾನೆ. ನಂಬಬಹುದಾ?

ಬಾಯಿಮಾತು ನಂಬಬೇಡಿ, ಲೆಕ್ಕ ಕೇಳಿ. ಯಾವ ದೇಶದ, ಯಾವ ಜನರ ರೆಸ್ಯೂಮ್‌ನಿಂದ ಕಲಿಸಿದ್ದೀರಿ? ಇನಿಶಿಯಲ್ ಇರುವ ಹೆಸರನ್ನು ಸರಿಯಾಗಿ ಓದುತ್ತದಾ? ಹೊರಗಿನವರು ಪರೀಕ್ಷೆ ಮಾಡಿದ ವರದಿ ಇದೆಯಾ? ಅಂಕಕ್ಕೆ ಕಾರಣ ತೋರಿಸುತ್ತದಾ?

ನೀವೇ ಮಾಡಬಹುದಾದ ಒಂದು ಲೆಕ್ಕವೂ ಇದೆ. ಅಮೆರಿಕದಲ್ಲಿ 1978ರಿಂದ ಬಳಕೆಯಲ್ಲಿರುವ ಐದರಲ್ಲಿ ನಾಲ್ಕು ಅನ್ನುವ ಅಳತೆ. 200 ಗಂಡಸರಲ್ಲಿ 100 ಜನ ಶಾರ್ಟ್‌ಲಿಸ್ಟ್ ಆದರೆ ಶೇ 50. 100 ಹೆಂಗಸರಲ್ಲಿ 30 ಆದರೆ ಶೇ 30. 30ನ್ನು 50ರಿಂದ ಭಾಗಿಸಿದರೆ 0.6. ಇದು ಐದರಲ್ಲಿ ನಾಲ್ಕು, ಅಂದರೆ 0.8ಕ್ಕಿಂತ ಕೆಳಗೆ ಬಂದರೆ ನಿಂತು ನೋಡಬೇಕು. ಭೇದ ಆಗಿದೆ ಅಂತ ಇದರಿಂದಲೇ ಸಾಬೀತಾಗುವುದಿಲ್ಲ, ಆದರೆ ಹುಡುಕಬೇಕಾದ ಜಾಗ ಗೊತ್ತಾಗುತ್ತದೆ. ಗಂಡು ಹೆಣ್ಣಿನ ಲೆಕ್ಕ ಮಾಡಿದ ಹಾಗೇ ಕನ್ನಡ ಮೀಡಿಯಂ, ಇಂಗ್ಲಿಷ್ ಮೀಡಿಯಂ ಲೆಕ್ಕವನ್ನೂ ಮಾಡಿ. ಬೆಂಗಳೂರಿನ ಕಾಲೇಜು, ಜಿಲ್ಲೆಯ ಕಾಲೇಜು ಅಂತಲೂ ಮಾಡಿ. ಒಂದು ಎಕ್ಸೆಲ್ ಶೀಟ್, ಅರ್ಧ ದಿನದ ಕೆಲಸ.

ರೆಸ್ಯೂಮ್‌ಗಳನ್ನೆಲ್ಲ ಚಾಟ್‌ಜಿಪಿಟಿಗೆ ಹಾಕಿ ರ‍್ಯಾಂಕ್ ಮಾಡಿಸಿದ್ರೆ ಸಮಯ ಉಳಿಯುತ್ತಲ್ಲ?

ಉಳಿಯುತ್ತದೆ, ಆದರೆ ಮಾಡಬೇಡಿ. ಮೊದಲನೆಯದಾಗಿ ಅದು ಬೇರೆಯವರ ಫೋನ್ ನಂಬರ್, ವಿಳಾಸ, ಸಂಬಳದ ವಿವರ. ಕೊಟ್ಟವರು ಅದಕ್ಕೆ ಒಪ್ಪಿಲ್ಲ. ಎರಡನೆಯದು, 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯವರು ಆಗ ಚಾಟ್‌ಜಿಪಿಟಿಯ ಒಳಗಿದ್ದ ಜಿಪಿಟಿ 3.5ಕ್ಕೆ ಹೆಸರು ಮಾತ್ರ ಬೇರೆ ಇರುವ, ಉಳಿದದ್ದೆಲ್ಲ ಸಮನಾದ ರೆಸ್ಯೂಮ್‌ಗಳನ್ನು ಕೊಟ್ಟು ನೋಡಿದಾಗ ಕೆಲವು ಗುಂಪುಗಳ ಹೆಸರು ಮತ್ತೆ ಮತ್ತೆ ಕೆಳಗೆ ಬಂದವು. ಅದೇ ವರ್ಷ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಬರಹ ಓದುವ ಬೇರೆ ಮೂರು ಎಐ ಮಾದರಿಗಳನ್ನು ಪರೀಕ್ಷೆ ಮಾಡಿದರು. ಶೇ 85ರಷ್ಟು ಸಲ ಬಿಳಿಯರ ಹೆಸರಿಗೆ ಒಲವು ಕಂಡಿತು, ಹೆಂಗಸರ ಹೆಸರಿಗೆ ಒಲವು ಕಂಡದ್ದು ಶೇ 11ರಷ್ಟು ಸಲ ಮಾತ್ರ.

ಎಐ ಬೇಕೇ ಬೇಕು ಅಂದರೆ ಜೆಡಿ ಬರೆಯಲು ಬಳಸಿ. ಇಂಟರ್‌ವ್ಯೂ ಪ್ರಶ್ನೆ ತಯಾರಿಸಲು ಬಳಸಿ. ತೆಗೆದುಕೊಳ್ಳದವರಿಗೆ ಒಂದು ಒಳ್ಳೆಯ ಮೇಲ್ ಬರೆಯಲು ಬಳಸಿ, ಈಗ ಅದನ್ನು ಯಾರೂ ಕಳಿಸುತ್ತಲೇ ಇಲ್ಲ.

ಟೂಲ್ ತಪ್ಪು ಮಾಡಿದ್ರೆ ಯಾರು ಹೊಣೆ? ನಾವಾ, ಮಾಡಿಕೊಟ್ಟವರಾ?

ನೀವು. ಅಮೆರಿಕದಲ್ಲಿ ಐಟ್ಯೂಟರ್‌ಗ್ರೂಪ್ ಅನ್ನುವ ಕಂಪನಿಯ ಸಾಫ್ಟ್‌ವೇರ್ 55 ದಾಟಿದ ಹೆಂಗಸರು, 60 ದಾಟಿದ ಗಂಡಸರ ಅರ್ಜಿಗಳನ್ನು ತಾನೇ ತಿರಸ್ಕರಿಸುತ್ತಿತ್ತು ಅಂತ ಅಲ್ಲಿನ ಸಮಾನ ಉದ್ಯೋಗ ಅವಕಾಶ ಆಯೋಗ ಕೇಸ್ ಹಾಕಿತು. 2023ರಲ್ಲಿ ಕಂಪನಿ 3,65,000 ಡಾಲರ್ ಕೊಡಲು ಒಪ್ಪಿತು.

ಮಾಡಿಕೊಟ್ಟವರೂ ಈಗ ಕೋರ್ಟಿನಲ್ಲಿದ್ದಾರೆ. ನೇಮಕದ ಸಾಫ್ಟ್‌ವೇರ್ ಮಾಡುವ ವರ್ಕ್‌ಡೇ ಕಂಪನಿಯ ಟೂಲ್ ಭೇದ ಮಾಡುತ್ತದೆ ಅಂತ 2023ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಾಕಿದ ಕೇಸಿನಲ್ಲಿ, ಕೇಸ್ ಹಾಕಿದವರು ನೂರಕ್ಕೂ ಹೆಚ್ಚು ಕಡೆ ಕೆಲಸಕ್ಕೆ ಅರ್ಜಿ ಹಾಕಿ ತಿರಸ್ಕೃತನಾದೆ ಅನ್ನುತ್ತಾರೆ. 2024ರ ಜುಲೈನಲ್ಲಿ, ಟೂಲ್ ಕೊಟ್ಟವರನ್ನೂ ನೇಮಕ ಮಾಡುವವರ ಏಜೆಂಟ್ ಅಂತ ನೋಡಬಹುದು ಅಂದು ಕೋರ್ಟ್ ಕೇಸ್ ಮುಂದುವರಿಯಲು ಬಿಟ್ಟಿತು. 2025ರ ಮೇನಲ್ಲಿ 40 ದಾಟಿದ, ಕೆಲಸಕ್ಕೆ ಅರ್ಜಿ ಹಾಕಿದ್ದ ಬೇರೆಯವರೂ ಕೇಸಿಗೆ ಸೇರಲು ಪ್ರಾಥಮಿಕ ಒಪ್ಪಿಗೆ ಕೊಟ್ಟಿತು. ಕಂಪನಿ ಆರೋಪ ಒಪ್ಪಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆಲ್ಲ ಕಾನೂನು ಇದೆಯಾ?

ಚೂರು ಚೂರು ಇದೆ. ಎಐ ನೇಮಕಕ್ಕೇ ಅಂತ ಪ್ರತ್ಯೇಕ ಕಾನೂನು ಇಲ್ಲ. ಕೆಲಸದಲ್ಲಿ ಭೇದ ಬೇಡ ಅನ್ನುವ ಸಂವಿಧಾನದ 16ನೇ ವಿಧಿ ಸರ್ಕಾರಿ ಕೆಲಸಕ್ಕೆ ಸಂಬಂಧಿಸಿದ್ದು. ಖಾಸಗಿಯಲ್ಲಿ, ನೇಮಕ ಮಾಡುವಾಗ ಲಿಂಗಭೇದ ಮಾಡಬಾರದು ಅಂತ 2019ರ ವೇತನ ಸಂಹಿತೆ ಹೇಳುತ್ತದೆ, ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಖಾಸಗಿ ಸಂಸ್ಥೆಗಳಿಗೂ ಸಮಾನ ಅವಕಾಶದ ನೀತಿ ಇರಬೇಕು ಅನ್ನುತ್ತದೆ. ಖಾಸಗಿ ನೇಮಕದಲ್ಲಿ ಜಾತಿ ಧರ್ಮದ ಭೇದವನ್ನು ನೇರವಾಗಿ ತಡೆಯುವ ಒಂದು ಪೂರ್ತಿ ಕಾನೂನು ನಮ್ಮಲ್ಲಿಲ್ಲ. ಇದು ದೊಡ್ಡ ಕೊರತೆ ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಖಾಸಗಿತನದ ವಿಷಯದಲ್ಲಿ ನಮ್ಮ ರಾಜ್ಯದ ಒಬ್ಬರನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹಾಕಿದ್ದ ಅರ್ಜಿಯ ಮೇಲೆಯೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಅದರಲ್ಲಿ ನೀವು ಗಮನಿಸಬೇಕಾದ ಮಾತು ಒಂದಿದೆ. ನೀವಾಗಿಯೇ ಸಾರ್ವಜನಿಕವಾಗಿ ಹಾಕಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಕೌಂಟ್ ಪ್ರೈವೇಟ್ ಮಾಡಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಹೊರದೇಶಕ್ಕೆ ಬಂದರೆ, ನ್ಯೂಯಾರ್ಕ್ ನಗರದಲ್ಲಿ ಇಂಥ ಟೂಲ್ ಬಳಸುವವರು ವರ್ಷಕ್ಕೊಮ್ಮೆ ಹೊರಗಿನವರಿಂದ ಪರೀಕ್ಷೆ ಮಾಡಿಸಿ ಫಲಿತಾಂಶ ಪ್ರಕಟಿಸಬೇಕು. 2023ರ ಜುಲೈನಿಂದ ಜಾರಿ. ಆದರೆ ಸಂಶೋಧಕರು 391 ಕಂಪನಿಗಳನ್ನು ನೋಡಿದಾಗ ಪ್ರಕಟಿಸಿದ್ದು 18 ಮಾತ್ರ. ಯುರೋಪಿನ ಎಐ ಕಾಯ್ದೆ ನೇಮಕದ ಟೂಲ್‌ಗಳನ್ನು ಹೆಚ್ಚು ಅಪಾಯದ ಪಟ್ಟಿಯಲ್ಲಿ ಇಟ್ಟಿದೆ. ಕೆಲಸದ ಜಾಗದಲ್ಲಿ ಭಾವನೆ ಅಳೆಯುವ ಎಐ ಅನ್ನು 2025ರ ಫೆಬ್ರವರಿಯಿಂದ ನಿಷೇಧಿಸಿದೆ. ಬೆಂಗಳೂರಿನಲ್ಲಿ ಕೂತು ಅಲ್ಲಿಯ ಕಂಪನಿಗಳಿಗೆ ಜನ ಆರಿಸುವ ನಮ್ಮಂಥವರು ಇದನ್ನು ತಿಳಿದಿರಬೇಕು.

ನಮ್ಮದು ಮೂರೇ ಜನರ ಎಚ್‌ಆರ್ ಟೀಮ್. ದುಡ್ಡಿಲ್ಲದೆ ಏನು ಮಾಡಬಹುದು?

ವಾರಕ್ಕೆ ಒಂದು ಗಂಟೆ ಕೊಡಿ. ಶುಕ್ರವಾರ ಮಧ್ಯಾಹ್ನ ಟೂಲ್ ತೆಗೆದುಹಾಕಿದವರಲ್ಲಿ ಕಣ್ಣುಮುಚ್ಚಿ 20 ರೆಸ್ಯೂಮ್ ಎತ್ತಿ, ಮೂವರೂ ಬೇರೆ ಬೇರೆಯಾಗಿ ಓದಿ. ಅಂಕ ಮುಚ್ಚಿಡಿ. ಇಬ್ಬರಿಗಾದರೂ ಕರೆಯಬಹುದಿತ್ತು ಅನ್ನಿಸಿದವರನ್ನು ಕರೆಯಿರಿ, ಯಾವ ಫಿಲ್ಟರ್ ಅವರನ್ನು ಬೀಳಿಸಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮೂರು ತಿಂಗಳಲ್ಲಿ ಒಂದೇ ಫಿಲ್ಟರ್ ಐದಾರು ಸಲ ಬಂದರೆ ಅದನ್ನು ತೆಗೆಯಲು ಮ್ಯಾನೇಜರ್ ಹತ್ತಿರ ಹೋಗಿ. ನಮ್ಮಲ್ಲಿ ಹಾಗೆ ಮೊದಲು ಹೋದದ್ದು ಪಿಯುಸಿಯ 60 ಪರ್ಸೆಂಟ್ ಫಿಲ್ಟರ್. ಇಂಟರ್‌ವ್ಯೂನಲ್ಲಿ ಎಲ್ಲರಿಗೂ ಅದೇ ಆರು ಪ್ರಶ್ನೆ ಕೇಳಿ, ಉತ್ತರಕ್ಕೆ ಅಲ್ಲೇ ಅಂಕ ಬರೆಯಿರಿ, ಮಾತು ಮುಗಿದ ಮೇಲೆ ಊರು ಕೇರಿ ವಿಚಾರಿಸಿ.